ನಾಗರತ್ನ ವಿಮಾನ ಬೀಳಿಸುವ ಕ್ರಮ

ಹೋದ ವಾರ ಅಂಗಡಿಯ ಕೀಬೋರ್ಡು ಕೈಕೊಟ್ಟಿತು. ರಿಪೇರಿಗೆ ಬಂದವರು ಅದನ್ನು ತಲೆಕೆಳಗು ಮಾಡಿ ಕೊಡವಿದಾಗ ಕೋಡುಬಳೆಯ ಚೂರು, ಅಕ್ಷತೆ ಕಾಳು, ಒಂದು ಸೇಫ್ಟಿ ಪಿನ್ನು ಎಲ್ಲ ಮೇಜಿನ ಮೇಲೆ ಉದುರಿದವು. ಅದಕ್ಕೆ ಅವರೇನೂ ಅನ್ನಲಿಲ್ಲ. ಆದರೆ ಕೀಲಿಗಳನ್ನು ಒರೆಸುತ್ತ ಒರೆಸುತ್ತ ಕೈ ನಿಲ್ಲಿಸಿ, "ಅಲ್ಲ ಮೇಡಂ, ಲಗ್ನಪತ್ರಿಕೆ ಟೈಪ್ ಮಾಡೋರ ಕೀಬೋರ್ಡಲ್ಲಿ ಅಕ್ಷರ ಅಳಿಸೋಗಿರುತ್ತೆ. ನಿಮ್ದ್ರಲ್ಲಿ ಅಕ್ಷರ ಎಲ್ಲಾ ಗಟ್ಟಿಮುಟ್ಟಾಗಿದೆ, ಬಾಣದ ಗುರುತು ಮಾತ್ರ ಸವೆದೋಗಿದೆ. ಅದೇನ್ ಕೆಲ್ಸ ಮಾಡ್ತೀರಿ ಇದ್ರಲ್ಲಿ?" ಅಂದರು. "ಡಿಸೈನ್ ಕಣ್ರೀ" ಅಂದೆ. ಸುಳ್ಳೇನೂ ಹೇಳಲಿಲ್ಲ. ವಿಮಾನದ ಡಿಸೈನು ಎಂದು ಬಿಡಿಸಿ ಹೇಳಲಿಲ್ಲ, ಅಷ್ಟೆ.

ನಿಮ್ಮ ಹತ್ತಿರ ಮುಚ್ಚುಮರೆ ಏಕೆ? ಮೈಸೂರಿನ ಚಾಮರಾಜಪುರಂನಲ್ಲಿ ನನ್ನದೊಂದು ಪುಟ್ಟ ಅಂಗಡಿ ಇದೆ. ಮದುವೆ, ನಾಮಕರಣ, ಗೃಹಪ್ರವೇಶದ ಕರೆಯೋಲೆಗಳನ್ನು ಕಂಪ್ಯೂಟರಿನಲ್ಲಿ ಮಾಡಿಕೊಡುತ್ತೇನೆ. ವಯಸ್ಸು ಅರವತ್ತು ದಾಟಿದೆ, ನಾನು ಮರೆತರೂ ಮಂಡಿ ನೆನಪಿಸುತ್ತದೆ. ಕೊರೊನಾ ಕಾಲದಲ್ಲಿ ಮದುವೆಗಳೆಲ್ಲ ನಿಂತುಹೋಗಿ ನಾನು ಸಪ್ಪೆ ಮುಖ ಹಾಕಿಕೊಂಡು ಕೂತಿದ್ದಾಗ ನನ್ನ ಮಗಳು ಅಂಗಡಿಯ ಕಂಪ್ಯೂಟರಿಗೆ ವಿಮಾನ ಕಟ್ಟುವ ಆಟವೊಂದನ್ನು ಹಾಕಿದಳು. ಆಟ ಬಹಳ ಸರಳ. ಪರದೆಯ ಪಕ್ಕದಲ್ಲಿ ರೆಕ್ಕೆ, ಬಾಲ, ಚಕ್ರ, ಎಂಜಿನ್ನು ಎಲ್ಲ ತುಂಡು ತುಂಡಾಗಿ ಇರುತ್ತವೆ. ಅವನ್ನು ಎಳೆದು ತಂದು ಜೋಡಿಸಬೇಕು. ಗುಂಡಿ ಒತ್ತಿದರೆ ನಿಮ್ಮ ವಿಮಾನ ಸಮುದ್ರದ ದಂಡೆಯ ರನ್‌ವೇ ಮೇಲೆ ಬಂದು ನಿಲ್ಲುತ್ತದೆ. ಹಾರಿದರೆ ನಿಮ್ಮ ಪುಣ್ಯ. ಆಮೇಲೆ ಅದನ್ನು ಆಟದ ಸಾರ್ವಜನಿಕ ಪುಟಕ್ಕೆ ಹಾಕಿದರೆ ಯಾವ್ಯಾವುದೋ ದೇಶದವರು ಅದನ್ನು ಇಳಿಸಿಕೊಂಡು ಹಾರಿಸಿ, ಹೇಗಿದೆ ಎಂದು ಕೆಳಗೆ ಬರೆಯುತ್ತಾರೆ.

ಮಗಳಿಗೆ ಬೇಗ ಬೇಜಾರು ಬಂತು. ನನಗೆ ಬರಲಿಲ್ಲ. ಮದುವೆಗಳು ಮತ್ತೆ ಶುರುವಾದವು, ಅಂಗಡಿ ತುಂಬಿತು, ಆಟ ಮಾತ್ರ ನಿಲ್ಲಲಿಲ್ಲ. ನನ್ನ ಯಜಮಾನರು ಒಂದು ದಿನ ಬಾಗಿಲಲ್ಲಿ ನಿಂತು, "ಲೇ ಸರೋಜ, ಪತ್ರಿಕೆ ಕೇಳ್ಕೊಂಡ್ ಬಂದೋರು ನಿನ್ನ ವಿಮಾನ ಇಳಿಯೋವರ್ಗೂ ಕಾಯ್ಬೇಕೇನೇ?" ಎಂದು ಕೇಳಿದರು. ಇಳಿಯುವ ತನಕ ಕಾಯಬೇಕಾದ ಪ್ರಮೇಯ ಬರುವುದಿಲ್ಲ, ಅದು ಅದಕ್ಕೆ ಮೊದಲೇ ಬೀಳುತ್ತದೆ ಎಂದು ನಾನು ಸಮಾಧಾನ ಹೇಳಿದೆ.

ನಾನು ಹೇಳಹೊರಟಿದ್ದು ನನ್ನ ವಿಮಾನಗಳ ಕತೆಯಲ್ಲ, ನಾಗರತ್ನಳ ಕತೆ. ನಾನೂ ನಾಗರತ್ನಳೂ ವಿದ್ಯಾರಣ್ಯಪುರಂನ ಒಂದೇ ಬೀದಿಯಲ್ಲಿ ಬೆಳೆದವರು. ಇಬ್ಬರ ಅಪ್ಪಂದಿರೂ ಊರಿನ ಹೊಲ ತಮ್ಮಂದಿರಿಗೆ ಬಿಟ್ಟು ಮೈಸೂರಿಗೆ ಕೆಲಸಕ್ಕೆ ಬಂದವರು. ಅವಳು ಮುಂದೆ ಹೈಸ್ಕೂಲಿನಲ್ಲಿ ಡ್ರಿಲ್ ಮೇಡಂ ಆದಳು, ಈಗ ರಿಟೈರಾಗಿದ್ದಾಳೆ. ಕೊರಳಲ್ಲಿ ಸೀಟಿ ಇಲ್ಲ ಎಂಬುದನ್ನು ಬಿಟ್ಟರೆ ಮಿಕ್ಕಂತೆ ಯಾವ ವ್ಯತ್ಯಾಸವೂ ಆಗಿಲ್ಲ. ಇಷ್ಟು ವರ್ಷದ ಸ್ನೇಹದಲ್ಲಿ "ಚೆನ್ನಾಗಿದೆ" ಎಂಬ ಮಾತನ್ನು ಅವಳ ಬಾಯಿಂದ ನಾನು ಕೇಳಿಲ್ಲ.

ಇದು ಎಂಥ ದೊಡ್ಡ ಸಂಗತಿ ಎಂದು ಮೈಸೂರಿನವರಿಗೆ ಬೇರೆ ಹೇಳಬೇಕಾಗಿಲ್ಲ. ನಮ್ಮಲ್ಲಿ ಯಾರಾದರೂ ಏನನ್ನಾದರೂ ತೋರಿಸಿದರೆ ಮೊದಲು "ಚೆನ್ನಾಗಿದೆ" ಅನ್ನಬೇಕು, ಆಮೇಲೆ ನೋಡಬೇಕು. ಅದರಲ್ಲೂ ದರ್ಜೆಗಳಿವೆ. "ಚೆನ್ನಾಗಿದೆ" ಅಂದರೆ ಸುಮಾರು. "ಚೆನ್ನಾಗೇ ಇದೆ" ಅಂದರೆ ಏನೋ ಎಡವಟ್ಟಾಗಿದೆ. "ಚೆನ್ನಾಗಿದೆ ಬಿಡಿ" ಅಂದರೆ ದಯವಿಟ್ಟು ಇದನ್ನು ಇನ್ಯಾರಿಗೂ ತೋರಿಸಬೇಡಿ ಎಂದು ಅರ್ಥ. ನನ್ನ ಗಿರಾಕಿಗಳು ಕರೆಯೋಲೆ ನೋಡಿ "ಚೆನ್ನಾಗಿದೆ ಬಿಡಿ" ಅಂದರೆ ನಾನು ಮರುಮಾತಾಡದೆ ಬೇರೆ ಮಾಡಲು ಕೂರುತ್ತೇನೆ.

ಈ ವಿದ್ಯೆಯನ್ನು ನಾವು ಕಲಿತಿದ್ದು ದಸರಾದಲ್ಲಿ. ನಮ್ಮ ಮನೆಯಲ್ಲಿ ಗೊಂಬೆ ಕೂರಿಸುವ ಪದ್ಧತಿ ಇರಲಿಲ್ಲ. ಆದ್ದರಿಂದ ಊರವರ ಗೊಂಬೆಯನ್ನೆಲ್ಲ ನೋಡುವ ಪೂರ್ತಿ ಹಕ್ಕು ನಮಗಿತ್ತು. ಸಂಜೆಯಾದರೆ ಚಾಮರಾಜಪುರಂ ತನಕ ನಡೆದು ಬಂದು, ಕಂಡ ಕಂಡ ಮನೆಯ ಮುಂದೆ ನಿಂತು, "ಗೊಂಬೆ ಕೂರ್ಸಿದ್ದೀರಾ?" ಎಂದು ಕೂಗುತ್ತಿದ್ದೆವು. ಒಳಗೆ ಹೋಗಿ, ಕೈಕಟ್ಟಿ ನಿಂತು, ಮೆಟ್ಟಿಲ ಮೇಲಿನ ಸಾಲುಗಳನ್ನು ಭಕ್ತಿಯಿಂದ ನೋಡಿ, "ತುಂಬಾ ಚೆನ್ನಾಗಿದೆ ಆಂಟಿ" ಅಂದರೆ ಕೈಗೆ ಚರ್ಪು ಬೀಳುತ್ತಿತ್ತು. ಚರ್ಪು ಅಂದರೆ ಗೊಂಬೆ ನೋಡಲು ಬಂದ ಮಕ್ಕಳಿಗೆ ಕೊಡುವ ತಿಂಡಿ; ಕೊಬ್ಬರಿ ಮಿಠಾಯಿ, ಕೋಡುಬಳೆ, ಕಡಲೆ ಉಸಲಿ, ಆಯಾ ಮನೆಯ ಯೋಗ್ಯತೆಗೆ ತಕ್ಕಂತೆ. ನನ್ನ ಕಣ್ಣು ಯಾವಾಗಲೂ ಅಡುಗೆಮನೆಯ ಬಾಗಿಲ ಕಡೆಗೇ ಇರುತ್ತಿತ್ತು, ಗೊಂಬೆಗಳ ಬಗ್ಗೆ ನನಗೆ ತಕರಾರು ಇರುವುದಕ್ಕೆ ಸಾಧ್ಯವೇ ಇರಲಿಲ್ಲ.

ನಾಗರತ್ನ ಹಾಗಲ್ಲ. ಅವಳು ನೋಡುತ್ತಿದ್ದಳು. ಒಂದು ಮನೆಯಲ್ಲಿ, ಸೊಗಸಾದ ಮನೆ, ಒಳಗಿನಿಂದ ತುಪ್ಪದ ಪರಿಮಳ ಬರುತ್ತಿದೆ, ಇವಳು ಬಾಯಿ ತೆಗೆದು, "ಆಂಟಿ, ನಿಮ್ಮ ಪಟ್ಟದ ರಾಜ ರಾಣಿಗೆ ಬೆನ್ನು ಹಾಕ್ಕೊಂಡು ನಿಂತವ್ನೆ. ಮೂರನೇ ಮೆಟ್ಲಲ್ಲಿ ಹಸು ಕೆಳಗೆ ಬೀಳೋ ಹಂಗಿದೆ" ಅಂದುಬಿಟ್ಟಳು. ಆ ಮನೆಯಲ್ಲಿ ನಮಗೆ ಚರ್ಪು ಸಿಗಲಿಲ್ಲ. ದಾರಿಯುದ್ದಕ್ಕೂ ನಾನು ಅವಳನ್ನು ಬೈದೆ. ಮಾರನೆಯ ಸಂಜೆ ಕಿಟಕಿಯಿಂದ ಇಣುಕಿ ನೋಡಿದರೆ ರಾಜ ರಾಣಿಯ ಕಡೆ ತಿರುಗಿದ್ದ, ಹಸು ಗೋಡೆಗೆ ಒರಗಿ ಭದ್ರವಾಗಿತ್ತು. ನಾಗರತ್ನಳಿಗೆ ಅಷ್ಟೇ ಸಾಕಾಗಿತ್ತು. ನನಗೆ ಆ ತುಪ್ಪದ ಪರಿಮಳ ಇವತ್ತಿಗೂ ಮರೆತಿಲ್ಲ.

ಎಲ್ಲಿಂದ ಎಲ್ಲಿಗೋ ಹೋದೆ. ಆಟದ ವಿಷಯಕ್ಕೆ ಬರೋಣ. ಒಂದು ಆಯುಧಪೂಜೆಯ ಹಿಂದಿನ ದಿನ ಅಂಗಡಿಯ ಪ್ರಿಂಟರಿಗೆ, ಸ್ಕೂಟರಿಗೆ, ಕತ್ತರಿಗೆ ಎಲ್ಲದಕ್ಕೂ ಅರಿಶಿನ ಕುಂಕುಮ ತಯಾರಾಗಿತ್ತು. ಎಲ್ಲರಿಗೂ ಹಬ್ಬ, ನನ್ನ ವಿಮಾನ ಮಾತ್ರ ಬೋಳಾಗಿ ನಿಂತಿದೆಯಲ್ಲ ಅನ್ನಿಸಿತು. ಕರೆಯೋಲೆಗೆ ಬಳ್ಳಿ, ನವಿಲು, ಕಳಶ ಬಿಡಿಸಿ ಬಿಡಿಸಿ ಕೈಗೆ ಅಲಂಕಾರದ ಚಟ ಅಂಟಿದೆ ನೋಡಿ. ಮೂತಿಗೆ ಚೆಂಡುಹೂವಿನ ಹಾರ ಹಾಕಿದೆ. ಎರಡೂ ಪಕ್ಕಕ್ಕೆ ಬಾಳೆಕಂದು ಕಟ್ಟಿದೆ. ಎಲೆಯ ಆಕಾರದ ತುಂಡು ಆಟದಲ್ಲಿ ಇರಲಿಲ್ಲ, ಆದ್ದರಿಂದ ರೆಕ್ಕೆಯ ತುಂಡನ್ನೇ ಸಣ್ಣದು ಮಾಡಿ ಹಸಿರು ಬಣ್ಣ ಬಳಿದೆ. ಎಷ್ಟು ಲಕ್ಷಣವಾಗಿತ್ತು ಅಂತೀರಿ! ಗುಂಡಿ ಒತ್ತಿದೆ. ನೆಲ ಬಿಟ್ಟದ್ದೇ ತಡ, ವಿಮಾನ ಮುಖ ಮೇಲೆತ್ತಿ, ಇನ್ನೂ ಮೇಲೆತ್ತಿ, ಹಿಂದಕ್ಕೆ ಲಾಗ ಹಾಕಿ ಬೆನ್ನ ಮೇಲೆ ಬಿತ್ತು. ಇರಲಿ ಎಂದು ಹಾಗೇ ಪುಟಕ್ಕೆ ಹಾಕಿದೆ. "ಎಂಥ ಬಣ್ಣ!", "ಅದ್ಭುತ!" ಎಂದು ಜನ ಬರೆದರು. ಮೈಸೂರಿನವರು ಎಲ್ಲ ದೇಶದಲ್ಲೂ ಇದ್ದಾರೆ ಎಂದು ನನಗೆ ಬಹಳ ಸಂತೋಷವಾಯಿತು.

ಆ ಹೊತ್ತಿಗೆ ನಾಗರತ್ನ ಬಂದಳು. ಮಧ್ಯಾಹ್ನ ನನ್ನ ಅಂಗಡಿಯಲ್ಲಿ ಬಂದು ಕೂರುವುದು ಅವಳ ಅಭ್ಯಾಸ. ಅಲ್ಲಿಯತನಕ ಅವಳು ಆಟವನ್ನು ಗಮನಿಸಿದ್ದೇ ಇಲ್ಲ. ಪರದೆ ನೋಡಿದಳು. ನಾನು ಹೊಗಳಿಕೆಗೆ ಕಾದೆ, ಬುದ್ಧಿ ಇಲ್ಲದವಳ ಹಾಗೆ.

"ಹಾರುತ್ತಾ?" ಅಂದಳು.

"ಹಾರುತ್ತೆ. ಆಮೇಲೆ ಸ್ವಲ್ಪ ಮಗುಚಿಕೊಳ್ಳುತ್ತೆ."

"ಹಾರ್ಸು, ನೋಡವಾ."

ಹಾರಿಸಿದೆ, ಮಗುಚಿತು. ಇನ್ನೊಂದು ಸಲ ಅಂದಳು, ಮತ್ತೊಂದು ಸಲ ಅಂದಳು. ಕುರ್ಚಿ ಎಳೆದುಕೊಂಡು ಹತ್ತಿರ ಬಂದಳು. ಆಟದಲ್ಲಿ ವಿಮಾನದ ಭಾರ ಎಲ್ಲಿ ಕೂತಿದೆ ಎಂದು ತೋರಿಸಲು ಒಂದು ಕೆಂಪು ಉಂಡೆ, ಗಾಳಿ ಎಲ್ಲಿ ಹಿಡಿದು ಎತ್ತುತ್ತದೆ ಎಂದು ತೋರಿಸಲು ಒಂದು ನೀಲಿ ಉಂಡೆ ಇರುತ್ತವೆ. ನಾನು ಅವನ್ನು ಇಷ್ಟು ದಿನ ಅಲಂಕಾರ ಎಂದುಕೊಂಡಿದ್ದೆ. ಅವಳು ಅವೇನೆಂದು ಕೇಳಿ, ಓದಿ, ಬೆರಳಿಟ್ಟು ತೋರಿಸಿದಳು. "ನೋಡಿಲ್ಲಿ. ನಿನ್ನ ಬಾಳೆಕಂದು ಗಾಳಿ ಹಿಡೀತಾವೆ. ಮೂತಿನ ಅವೇ ಎತ್ಬುಡ್ತಾವೆ. ನೀಲಿ ಉಂಡೆ ಮುಂದಕ್ ಬಂದ್ಬುಟ್ಟದೆ. ತೆಗ್ದಾಕು."

"ಹಬ್ಬ ಕಣೇ!"

"ಹಬ್ಬನ ನೆಲದ ಮೇಲೆ ಮಾಡು."

ತೆಗೆದೆ. ವಿಮಾನ ನೆಟ್ಟಗೆ ಹೋಯಿತು. ಅವತ್ತಿನಿಂದ ಅವಳಿಗೆ ಹುಚ್ಚು ಹಿಡಿಯಿತು. ಕಟ್ಟುವ ಹುಚ್ಚಲ್ಲ, ಬೇರೆಯವರು ಕಟ್ಟಿದ್ದನ್ನು ಹಾರಿಸಿ ನೋಡುವ ಹುಚ್ಚು.

ಅವಳು ನೋಡುವ ಕ್ರಮವನ್ನು ನಾನು ಪಕ್ಕದಲ್ಲಿ ಕೂತು ಬೆರಗಿನಿಂದ ನೋಡಿದ್ದೇನೆ. ಮೊದಲು ಕಟ್ಟಿದವರು ಹೇಗೆ ಹಾರಿಸಿ ಎಂದು ಬರೆದಿದ್ದಾರೋ ಹಾಗೇ ಹಾರಿಸುತ್ತಾಳೆ. ಅದು ಮರ್ಯಾದೆಯ ಹಾರಾಟ. ಆಮೇಲೆ ಎಂಜಿನ್ನಿನ ಕಿವಿ ಹಿಂಡಿ ನಿಧಾನ ಮಾಡುತ್ತಾಳೆ, ಎಷ್ಟು ನಿಧಾನಕ್ಕೆ ಉಸಿರು ಕಟ್ಟುತ್ತದೆ ಎಂದು ನೋಡುತ್ತಾಳೆ. ಆಮೇಲೆ ಎಡಕ್ಕೆ, ಬಲಕ್ಕೆ, ಮೇಲಿನಿಂದ ಕೆಳಕ್ಕೆ. ಕೊನೆಗೆ ಒಂದೇ ಚಕ್ರದ ಮೇಲೆ ಇಳಿಸುತ್ತಾಳೆ. ಅಷ್ಟು ಹೊತ್ತಿಗೆ ವಿಮಾನ ಎಲ್ಲೋ ಒಂದು ಕಡೆ ಬಿದ್ದೇ ಬೀಳುತ್ತದೆ. ಬಿದ್ದ ಮೇಲೆ ಬರೆಯಲು ಕೂರುತ್ತಾಳೆ. ಅವಳ ಇಂಗ್ಲಿಷು ಮೈದಾನದ ಇಂಗ್ಲಿಷು, ಚಿಕ್ಕ ಚಿಕ್ಕ ಆಜ್ಞೆಗಳು. "ನೆಲ ಬಿಡುವಾಗ ಮೂತಿ ಹಗುರವಾಗಿ ಏಳುತ್ತದೆ. ಅದನ್ನು ಮುಟ್ಟಬೇಡಿ. ಎಡಕ್ಕೆ ತಿರುಗಿದಾಗ ಬಲರೆಕ್ಕೆ ನಡುಗುತ್ತದೆ. ಬುಡಕ್ಕೆ ಆಸರೆ ಕೊಡಿ. ಇಳಿಯುವಾಗ ಹಿಂದಿನ ಚಕ್ರ ಮೊದಲು ತಾಗಲಿ." ಹೊಗಳಿಕೆಯ ಒಂದು ಪದ ಇಲ್ಲ, ತೆಗಳಿಕೆಯ ಒಂದು ಪದವೂ ಇಲ್ಲ. ಓದಿದರೆ ಯಾರೋ ನಮ್ಮ ಮಗುವನ್ನು ಇಡೀ ದಿನ ಎತ್ತಿ ಆಡಿಸಿ, ಅದು ಯಾವಾಗ ನಕ್ಕಿತು, ಯಾವಾಗ ಅತ್ತಿತು ಎಂದು ಹೇಳಿದ ಹಾಗಿರುತ್ತದೆ.

ಹೀಗೆ ನೋಡುವುದನ್ನು ಎಲ್ಲಿ ಕಲಿತೆ ಎಂದು ಒಮ್ಮೆ ಕೇಳಿದೆ. "ಪೆರೇಡಲ್ಲಿ ಎಲ್ರೂ ಮುಂದಿನ ಸಾಲು ನೋಡ್ತಾರೆ. ನಾನು ಹಿಂದಿನ ಸಾಲಲ್ಲಿ ತಿರುಗೋ ಮಕ್ಳ ಕಾಲು ನೋಡ್ತಿದ್ದೆ" ಅಂದಳು. ನಾವಿಬ್ಬರೂ ಆಗಾಗ ಬೆಳಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತೇವೆ. ನಂದಿಯ ಹತ್ತಿರ ಉಸಿರು ಬಿಡಲು ಕೂತಾಗ ಕೆಲವೊಮ್ಮೆ ಮಂಡಕಳ್ಳಿಯ ನಿಲ್ದಾಣದಲ್ಲಿ ವಿಮಾನ ಇಳಿಯುವುದು ಕಾಣುತ್ತದೆ. ಬೇರೆ ಊರಿನವರು ವಿಮಾನವನ್ನು ಕತ್ತೆತ್ತಿ ನೋಡಬೇಕು, ನಮಗೆ ಮೇಲಿಂದ ಕೆಳಕ್ಕೆ ನೋಡುವ ಭಾಗ್ಯ. ನಾನು ಕೈಮುಗಿಯುವುದೊಂದು ಬಾಕಿ. ಇವಳು ಸೊಂಟದ ಮೇಲೆ ಕೈಯಿಟ್ಟು, "ಇವತ್ತಿನೋನು ನಿಧಾನಸ್ಥ ಕಣೇ. ಆವತ್ತಿನೋನು ನೆಲ ಮುಟ್ಟಿ ಎಗರ್ಸಿದ್ದ" ಅನ್ನುತ್ತಾಳೆ.

ಬರಬರುತ್ತ ಪುಟದಲ್ಲಿ ಅವಳ ಹೆಸರು ಹರಡಿತು. ಅಲ್ಲಿ ಅವಳು ತನಗಿಟ್ಟುಕೊಂಡ ಹೆಸರೇ ಡ್ರಿಲ್ ಮೇಡಂ. ಎಲ್ಲೆಲ್ಲಿಯವರೋ ಹೊಸ ವಿಮಾನ ಹಾಕಿದ ಕೂಡಲೇ, "ಡ್ರಿಲ್ ಮೇಡಂ, ದಯವಿಟ್ಟು ಇದನ್ನು ಬೀಳಿಸಿಕೊಡಿ" ಎಂದು ಬರೆಯತೊಡಗಿದರು. ನನಗಂತೂ ಹೆಮ್ಮೆಯೋ ಹೆಮ್ಮೆ. ಇಡೀ ಜನ್ಮ ನೆಂಟರಿಷ್ಟರು "ಅವಳ ಬಾಯಿ ಸರಿಯಿಲ್ಲ" ಎಂದು ದೂರ ಇಟ್ಟ ಹೆಂಗಸನ್ನು ಸಮುದ್ರದಾಚೆಯವರು ಸಾಲು ನಿಂತು ಕರೆಯುತ್ತಿದ್ದರು.

ಅಷ್ಟರಲ್ಲಿ ಯಾರೋ ಒಬ್ಬರು, ತಮ್ಮ ವಿಮಾನದ ಬಾಲ ಸಡಿಲ ಎಂದದ್ದಕ್ಕೆ ಸಿಟ್ಟಾಗಿ, "ಹೇಳುವುದು ಸುಲಭ. ನೀವೊಂದು ಕಟ್ಟಿ ತೋರಿಸಿ" ಎಂದು ಬರೆದರು.

ನಾಗರತ್ನ ಅದನ್ನು ಎರಡು ಸಲ ಓದಿದಳು. ನಾನು ಬರೆದವರನ್ನು ಬೈದೆ, ಅವರಿಗೆ ಏನು ಗೊತ್ತು ಅಂದೆ. ಅವಳು ತಲೆ ಅಲ್ಲಾಡಿಸಿದಳು. "ಹೊಸ ಮಾತೇನಲ್ಲ ಬುಡು. ನಮ್ಮಮ್ಮ ಅಂತಿದ್ಲು, ನಮ್ಮತ್ತೆ ಅಂತಿದ್ರು, ಸ್ಟಾಫ್ ರೂಮಲ್ಲಿ ಎಲ್ರೂ ಅಂತಿದ್ರು. ಮಾಡಿ ತೋರ್ಸು, ಮಾಡಿ ತೋರ್ಸು. ನಾನ್ ಯಾವತ್ತೂ ಏನೂ ಮಾಡಿ ತೋರ್ಸಿಲ್ಲ ಕಣೇ." ಅವಳ ಧ್ವನಿ ಅಷ್ಟು ಸಣ್ಣದಾದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಮರುದಿನದಿಂದ ಅವಳು ಕಟ್ಟತೊಡಗಿದಳು. ನನ್ನ ಅಂಗಡಿಯ ಎರಡನೇ ಕಂಪ್ಯೂಟರನ್ನು ಗೋಡೆಯ ಕಡೆ ತಿರುಗಿಸಿಕೊಂಡು, ನಾನು ಇಣುಕಿದರೆ ಸೆರಗು ಅಡ್ಡ ಹಿಡಿದು, ಪರೀಕ್ಷೆಯ ಹುಡುಗಿಯ ಹಾಗೆ ಕೂತಳು. ಮಧ್ಯಾಹ್ನಗಳು ಹಾಗೇ ಕಳೆದವು. ಮದುವೆಯ ಕಾಲ ಮುಗಿದು ಆಷಾಢ ಬಂದು ನನ್ನ ಅಂಗಡಿ ಖಾಲಿಯಾಯಿತು, ಅವಳು ಏಳಲಿಲ್ಲ. ಕೊನೆಗೆ ಒಂದು ದಿನ, ಬಿಳಿಯ, ಉದ್ದ ರೆಕ್ಕೆಯ, ಒಂದೇ ಒಂದು ಗೀಟೂ ಹೆಚ್ಚಿಲ್ಲದ ವಿಮಾನವೊಂದನ್ನು ಪುಟಕ್ಕೆ ಹಾಕಿದಳು.

ಹೊಗಳಿಕೆ ಸುರಿಯಿತು. "ಡ್ರಿಲ್ ಮೇಡಂಗೆ ಜೈ", "ಕಣ್ಣು ತಂಪಾಯಿತು", "ಎಷ್ಟು ನಯವಾಗಿ ಹೋಗುತ್ತದೆ". ನಾನು ಒಂದೊಂದನ್ನೇ ಗಟ್ಟಿಯಾಗಿ ಓದಿ ಹೇಳಿದೆ. ಅವಳ ಮುಖ ಬಾಡುತ್ತ ಹೋಯಿತು.

"ಏನ್ ಚೆನ್ನಾಗಿದೆ ಅಂತ ಒಬ್ರೂ ಬರ್ದಿಲ್ಲ ಸರೋಜ" ಅಂದಳು. "ನಂಗೆ ಹೆದ್ರಿ ಹೊಗಳ್ತಾ ಇದಾರೋ, ಅಯ್ಯೋ ಪಾಪ ಅಂತ ಹೊಗಳ್ತಾ ಇದಾರೋ. ನಂಗೆ ಕಟ್ಟಕ್ ಬರುತ್ತೋ ಇಲ್ವೋ, ಅದ್ ಗೊತ್ತಾಗ್ಬೇಕು. ಬರಲ್ಲ ಅಂದ್ರೆ ಇನ್ನೊಬ್ರುದಕ್ಕೆ ಬಾಯಿ ಹಾಕೋದ್ ಬುಟ್ಬುಡ್ತೀನಿ. ನೀ ಹಾರ್ಸಿ ಹೇಳು."

"ನಾನಾ?"

"ನೀನೇ. ಚೆನ್ನಾಗಿದೆ ಅನ್ನಂಗಿಲ್ಲ."

ಹೀಗೆ ಮೈಸೂರಿನ ಅತಿ ದೊಡ್ಡ ಹೊಗಳುಭಟ್ಟಿಯ ಬಾಯಿಗೆ ಬೀಗ ಹಾಕಿ ಕೂರಿಸಿದಳು. ನಾನು ನನ್ನ ಕಂಪ್ಯೂಟರಿಗೆ ಅವಳ ವಿಮಾನವನ್ನು ಇಳಿಸಿಕೊಂಡೆ. ಅವಳು ಹಿಂದೆ ನಿಂತಳು. ಅವಳ ಕೈ ನನ್ನ ಕುರ್ಚಿಯ ಬೆನ್ನನ್ನು ಹಿಡಿದಿತ್ತು, ಆ ಹಿಡಿತ ನನ್ನ ಬೆನ್ನಿಗೇ ತಿಳಿಯುತ್ತಿತ್ತು.

ವಿಮಾನ ನೆಲ ಬಿಟ್ಟದ್ದು ನನಗೆ ಗೊತ್ತೇ ಆಗಲಿಲ್ಲ, ಅಷ್ಟು ನವಿರು. ಕೈ ಬಿಟ್ಟರೂ ಅದು ಅಲುಗದೆ ಹೋಗುತ್ತಿತ್ತು. ನಿಧಾನ ಮಾಡಿದೆ, ಉಸಿರು ಕಟ್ಟಲಿಲ್ಲ. ಮೇಲಕ್ಕೆ ಎತ್ತಿದೆ, ಮಗುಚಲಿಲ್ಲ. ಕೆಳಗೆ ಸಮುದ್ರ ಬಂತು. ನಾಲಿಗೆಯ ತುದಿಗೆ "ಚೆನ್ನಾಗಿದೆ" ಬಂದು ನಿಂತಿತ್ತು. ಅದನ್ನು ನುಂಗಿಕೊಂಡು ಎಡಕ್ಕೆ ತಿರುಗಿಸಿದೆ. ತಿರುಗಲಿಲ್ಲ. ಬಲಕ್ಕೆ ಒತ್ತಿದೆ. ಒಂದು ರೆಕ್ಕೆ ಸ್ವಲ್ಪ ತಗ್ಗಿಸಿ, ಮನಸ್ಸು ಬದಲಾಯಿಸಿದ ಹಾಗೆ ಮತ್ತೆ ನೆಟ್ಟಗಾಗಿ, ತನ್ನ ಪಾಡಿಗೆ ಮುಂದೆ ಹೋಯಿತು. ಬಾಣದ ಗುರುತನ್ನು ಗಟ್ಟಿಯಾಗಿ ಒತ್ತಿ ಹಿಡಿದೆ. ರನ್‌ವೇ ಹಿಂದೆ ಹಿಂದೆ ಹೋಗಿ ಗೆರೆಯಾಯಿತು, ಆಮೇಲೆ ಕಾಣಲಿಲ್ಲ. ಹೊಗಳಿದ ಅಷ್ಟೂ ಜನರಲ್ಲಿ ಒಬ್ಬರೂ ಇದನ್ನು ವಾಪಸು ಕರೆತರಲು ನೋಡಿರಲಿಲ್ಲ.

"ತಿರುಗಲ್ಲ ಕಣೇ" ಅಂದೆ. ಜೀವಮಾನದಲ್ಲಿ ಯಾರಿಗೂ ನಾನು ಹಾಗೆ ಹೇಳಿದ್ದಿಲ್ಲ.

ನಾನು ತಿರುಗಿ ನೋಡುವ ಧೈರ್ಯ ಮಾಡಲಿಲ್ಲ.

"ನೀನು ತಿರುಗಿಸಿ ನೋಡ್ಲಿಲ್ವಾ?" ಎಂದು ಪರದೆಗೇ ಕೇಳಿದೆ.

"ಇಲ್ಲ" ಅಂದಳು. "ಬಿದ್ಬುಟ್ರೆ ಅಂತ. ನೆಟ್ಟಗೆ ಹೋಗೋದು ನೋಡ್ತಿದ್ದೆ. ಸಮುದ್ರ ಬಂದೇಟ್ಗೆ ನಿಲ್ಸಿ ಮೊದ್ಲಿಂದ ಶುರು ಮಾಡ್ತಿದ್ದೆ." ಊರವರ ವಿಮಾನಗಳನ್ನೆಲ್ಲ ಸೀಟಿ ಊದಿದಷ್ಟು ಸಲೀಸಾಗಿ ಬೀಳಿಸಿದವಳು ತನ್ನದನ್ನು ಒಂದು ಸಲವೂ ಬಾಗಿಸಿರಲಿಲ್ಲ. ಬೀಳಬಾರದೆಂದು ಬಾಲವನ್ನು ಅಷ್ಟು ದೊಡ್ಡದು ಮಾಡಿದ್ದಳು, ರೆಕ್ಕೆಯ ತುದಿಯಲ್ಲಿ ತಿರುಗಿಸುವ ಪಟ್ಟಿಯನ್ನು ಅಷ್ಟು ಸಣ್ಣದು ಮಾಡಿದ್ದಳು.

"ಇನ್ನೇನು ನೋಡ್ದೆ, ಹೇಳು" ಅಂದಳು.

ಹೇಳಿದೆ. ನೆಲ ಬಿಡುವುದು ಕೈಗೆ ಗೊತ್ತೇ ಆಗುವುದಿಲ್ಲ, ಅದನ್ನು ಮುಟ್ಟಬೇಡ ಅಂದೆ. ನಿಧಾನದಲ್ಲಿ ಇಷ್ಟು ನೆಮ್ಮದಿಯಾಗಿ ತೇಲುವ ವಿಮಾನವನ್ನು ಆ ಪುಟದಲ್ಲಿ ನಾನು ಬೇರೆ ಕಂಡಿಲ್ಲ ಅಂದೆ. ಬಾಲ ತಗ್ಗಿಸು, ಪಟ್ಟಿ ಉದ್ದ ಮಾಡು ಅಂದೆ. ಹೇಳುತ್ತ ಹೇಳುತ್ತ ಇದು ಅವಳದೇ ಧಾಟಿ ಎಂದು ನನಗೆ ಹೊಳೆದು ನಾಚಿಕೆಯಾಯಿತು. ಮುಗಿಸಿ ಹಿಂದಕ್ಕೆ ತಿರುಗಿದೆ. ನಾಗರತ್ನಳ ಕಣ್ಣಲ್ಲಿ ನೀರು ತುಂಬಿತ್ತು.

"ಬೇಜಾರಾಯ್ತಾ?" ಅಂದೆ.

"ಥೂ, ಇಲ್ಲ ಕಣೇ. ನಾನ್ ಮಾಡಿದ್ದನ್ನ ಯಾರೂ ಇಷ್ಟೊತ್ತು ನೋಡಿರ್ಲಿಲ್ಲ" ಅಂದಳು. ಇಷ್ಟು ವರ್ಷ ಅವಳು ಬೇರೆಯವರಿಗೆ ಕೊಡುತ್ತ ಬಂದದ್ದು ಏನೆಂದು ನನಗೆ ಆಗ ತಿಳಿಯಿತು.

ಸೆರಗಿನಲ್ಲಿ ಮುಖ ಒರೆಸಿಕೊಂಡು ಅವಳು ನನ್ನನ್ನು ಕುರ್ಚಿಯಿಂದ ಎಬ್ಬಿಸಿದಳು. ತಾನೇ ಕೂತು ಬಾಲ ಚಿಕ್ಕದು ಮಾಡಿದಳು, ಪಟ್ಟಿ ಎಳೆದು ಉದ್ದ ಮಾಡಿದಳು, ಹಾರಿಸಿದಳು. ಸಮುದ್ರ ಬಂತು. ಅವಳ ಬೆರಳು ಒಂದು ಗಳಿಗೆ ನಿಲ್ಲಿಸುವ ಗುಂಡಿಯ ಕಡೆ ಹೋಗಿ, ಹಿಂದಕ್ಕೆ ಬಂತು. ಆಮೇಲೆ ಎಡಕ್ಕೆ ಒತ್ತಿದಳು, ಮೆಲ್ಲಗಲ್ಲ, ಪೂರ್ತಿ. ಬಿಳಿಯ ವಿಮಾನ ರೆಕ್ಕೆ ನಿಗುರಿಸಿ ಬಾಗಿ, ಅರ್ಧ ಆಕಾಶ ಸುತ್ತಿ, ರನ್‌ವೇ ಕಾಣುವ ತನಕ ಬಂದು, ಒಂದು ರೆಕ್ಕೆ ಮುರಿದುಕೊಂಡು ನೀರಿಗೆ ಬಿತ್ತು.

"ಬಿತ್ತು ಕಣೇ!" ಎಂದು ಅವಳು ಕೂಗಿದ್ದಕ್ಕೆ, ಹೊರಗೆ ಬೆಂಚಿನ ಮೇಲೆ ಕೂತು ಕರೆಯೋಲೆಯ ಮಾದರಿಗಳನ್ನು ನೋಡುತ್ತಿದ್ದ ಹಿರಿಯರೊಬ್ಬರು ಗಾಬರಿಯಿಂದ ಒಳಗೆ ಬಂದರು. ಏನಮ್ಮ, ಏನು ಬಿತ್ತು, ಯಾರದು ಎಂದು ಕೇಳಿದರು. ನಾನು ಏನೋ ಸಮಜಾಯಿಷಿ ಹೇಳಲು ಬಾಯಿ ತೆಗೆದೆ.

ನಾಗರತ್ನ ಪರದೆಯನ್ನು ಅವರ ಕಡೆಗೆ ತಿರುಗಿಸಿದಳು. "ವಿಮಾನ ಸಾರ್" ಅಂದಳು. "ನಂದು. ನಾನೇ ಕಟ್ಟಿದ್ದು."